ಅವನನ್ನು ಸ್ವಲ್ಪ ಹೊರಗೆ ಬಿಡು

ನೋಡು ಪುಟ್ಟಿ, ಮಗನಿಗೆ ಹದಿಮೂರು ತುಂಬಿದಾಗಿನಿಂದ ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ದೂರು: "ದೊಡ್ಡಮ್ಮ, ಅವನು ಮಾತೇ ಆಡಲ್ಲ." ಆಡುತ್ತಾನೆ ಕಣೆ. ನೀನು ಎದುರಿಗೆ ಕೂರಿಸಿಕೊಂಡು "ಸ್ಕೂಲಲ್ಲಿ ಏನಾಯ್ತು" ಅಂತ ಪೊಲೀಸಿನವರ ಹಾಗೆ ಕೇಳಿದಾಗ ಆಡಲ್ಲ, ಅಷ್ಟೆ. ಸಂಜೆ ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿ ತರೋಕೆ ಹೊರಟರೆ ಅವನನ್ನೂ ಕರಕೊಂಡು ಹೋಗು, ಚೀಲ ಅವನ ಕೈಗೇ ಕೊಡು. ಮುಖ ಮುಖ ನೋಡದೆ, ಎದ್ದಿರೋ ಫುಟ್‌ಪಾತ್ ಕಲ್ಲು ತಪ್ಪಿಸಿಕೊಂಡು ನಡೀತಾ ಇರುವಾಗ ಯಾವ ಮಿಸ್ ಬೈದರು, ಯಾವ ಫ್ರೆಂಡ್ ಮಾತು ಬಿಟ್ಟ, ಎಲ್ಲ ತಾನಾಗೇ ಬರುತ್ತೆ. ಆಗ ಬುದ್ಧಿ ಹೇಳೋಕೆ ಹೋಗಬೇಡ. "ಹೂಂ" ಅಂದರೆ ಸಾಕು.

ಬೆಳಿಗ್ಗೆ ಏಳಲ್ಲ ಅಂತ ಸೋಮಾರಿ ಪಟ್ಟ ಕಟ್ಟಬೇಡ. ಈ ವಯಸ್ಸಲ್ಲಿ ನಿದ್ದೆ ತರಿಸೋ ಮೆಲಟೋನಿನ್ ರಾತ್ರಿ ತಡವಾಗಿ ಹುಟ್ಟುತ್ತೆ. ನಿದ್ದೆ ಮಾತ್ರ ಎಂಟರಿಂದ ಹತ್ತು ಗಂಟೆ ಬೇಕೇ ಬೇಕು. ಸ್ಕೂಲ್ ವ್ಯಾನು ಅದಕ್ಕೆಲ್ಲ ಕಾಯುತ್ತಾ? ಫೋನುಗಳು ರಾತ್ರಿ ಹಾಲ್‌ನಲ್ಲೇ ಚಾರ್ಜಿಗಿರಲಿ, ನಿಮ್ಮಿಬ್ಬರದೂ ಸೇರಿ. ಇನ್ನು ಊಟ ಆಗಿ ಗಂಟೆಯೊಳಗೆ ಮತ್ತೆ ಡಬ್ಬ ತಡಕಾಡಿದರೆ ನಗು, ಚಕ್ಕುಲಿ ಜಾಸ್ತಿ ಮಾಡಿಡು.

ಮುಖ್ಯವಾದ ಮಾತು ಬೇರೆ. ಅವನನ್ನು ಒಬ್ಬನೇ ಹೊರಗೆ ಕಳಿಸೋದು ಕಲಿ. ಬನಶಂಕರಿಯಿಂದ ಜಯನಗರ ಮೆಟ್ರೋದಲ್ಲಿ ಎರಡೇ ಸ್ಟೇಷನ್. ಹಸಿರು ಮಾರ್ಗ ನಮ್ಮ ಕಡೆ ಬಂದದ್ದು 2017ರಲ್ಲಿ, ಅವನು ಕೂಸಾಗಿದ್ದಾಗ. ಅವನಿಗಿಂತ ನಿನಗೇ ಅದರ ಹೆದರಿಕೆ. ಕಾರ್ಡು, ಸ್ವಲ್ಪ ಚಿಲ್ಲರೆ, ಒಂದು ಕೆಲಸ ಕೊಟ್ಟು ಕಳಿಸು. ನಡುವೆ ಆರ್.ವಿ. ರೋಡ್‌ನಲ್ಲಿ 2025ರ ಆಗಸ್ಟಿನಿಂದ ಹಳದಿ ಮಾರ್ಗವೂ ಸೇರಿ ಜನವೋ ಜನ. ಅಲ್ಲಿಳಿದು ಬೊಮ್ಮಸಂದ್ರದ ರೈಲು ಹತ್ತಿದನೇ ಅಂದುಕೋ, ರಾಗಿಗುಡ್ಡದಲ್ಲಿ ಇಳಿದು ವಾಪಸ್ ಬರುತ್ತಾನೆ. ಹತ್ತು ನಿಮಿಷಕ್ಕೊಮ್ಮೆ "ಎಲ್ಲಿದ್ದೀಯಾ" ಅಂತ ಫೋನ್ ಮಾಡೋದಾದರೆ ಮನೇಲೇ ಇಟ್ಟುಕೋ, ಕಳಿಸಿ ಏನು ಬಂತು?

ಜೆ.ಪಿ. ನಗರದ ರಂಗಶಂಕರಕ್ಕೂ ಒಂದು ಟಿಕೆಟ್ ತೆಗೆದುಕೊಡು. 2004ರಲ್ಲಿ ಶುರುವಾದಾಗಿಂದ ಅಲ್ಲಿ ನಾಟಕ ಹೇಳಿದ ಹೊತ್ತಿಗೇ; ತಡವಾದವರು ಯಾರೇ ಆಗಲಿ ಒಳಗೆ ಬಿಡಲ್ಲ. ಫೋನೂ ಆಫ್. ನೀನು ದಿನಾ ಕಿರುಚಿ ಕಲಿಸೋಕಾಗದ ಎರಡು ಪಾಠವನ್ನು ಆ ಬಾಗಿಲು ಸುಮ್ಮನೆ ಕಲಿಸುತ್ತೆ.

ಒಂದು ವಿಷಯಕ್ಕೆ ಮಾತ್ರ ಜಗ್ಗಬೇಡ. "ಇಲ್ಲೇ ಅಂಗಡಿವರೆಗೆ" ಅಂತ ಸ್ಕೂಟರ್ ಕೀ ಕೇಳುತ್ತಾನೆ. ಪಕ್ಕದ ರೋಡಿನ ಹುಡುಗರೆಲ್ಲ ಓಡಿಸ್ತಾರೆ ಅಂತಾನೆ. ಓಡಿಸ್ತಾರೆ, ನಿಜ. 2019ರ ತಿದ್ದುಪಡಿ ಆದಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬೋವರೆಗೆ ಲೈಸೆನ್ಸೇ ಇಲ್ಲ. ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ, ಔಟರ್ ರಿಂಗ್ ರೋಡಿನ ಲಾರಿಗಳನ್ನು ನೀನೂ ನೋಡಿದ್ದೀಯ. ಕೀ ನಿನ್ನ ಬ್ಯಾಗಿನಲ್ಲೇ ಇರಲಿ, ಮೆಟ್ರೋ ಕಾರ್ಡು ಅವನ ಜೇಬಲ್ಲಿರಲಿ.