ಬಿಸಿನೀರಿನ ದುಡ್ಡು ಎಲ್ಲಿ ಸೋರುತ್ತದೆ?

ಚಳಿಗಾಲದ ಕರೆಂಟ್ ಬಿಲ್ಲು ಏರಿತೆಂದರೆ ತುಮಕೂರಿನ ನಮ್ಮ ಬೀದಿಯಲ್ಲಿ ಮೊದಲು ಬೈಸಿಕೊಳ್ಳುವುದು ಗೀಸರ್. ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದುಕೊಂಡವರು ಬಹಳ ಮಂದಿ. ಹಾಗಲ್ಲ. 2022-23ರಲ್ಲಿ ನಮ್ಮ ಮನೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಒಂದಿಷ್ಟು ಸೇರಿಸಿ ಮಿತಿ ಕಟ್ಟಿದ್ದಾರೆ. ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕೊಡಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಮ್ಮದೇ.

ಒಂದು ಯೂನಿಟ್ ಕರೆಂಟಿಗೆ ಸುಮಾರು 43 ಲೀಟರ್ ನೀರು 20 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಕಾಯಿಲಿನ ಗೀಸರ್ ಯಾವ ಕಂಪನಿಯದು ತಂದರೂ ಇದಕ್ಕಿಂತ ಹೆಚ್ಚು ಕೊಡಲಾರದು. ನಾಲ್ಕು ಜನ ತಲಾ 20 ಲೀಟರಿನ ಒಂದು ಬಕೆಟ್ ಮಿಂದರೆ ದಿನಕ್ಕೆ ಎರಡು ಯೂನಿಟ್ಟಿನೊಳಗೇ ಮುಗಿಯಬೇಕು. ಮುಗಿಯುತ್ತಿಲ್ಲವೆಂದರೆ ಬಿಸಿ ಎಲ್ಲೋ ಸೋರುತ್ತಿದೆ. ಆ ಸೋರಿಕೆ ಹಿಡಿಯುವುದರಲ್ಲೇ ನಿಜವಾದ ಉಳಿತಾಯವಿದೆ ಎಂಬುದು ನನ್ನ ಅನುಭವ.

ನಮ್ಮ ಮನೆಯಲ್ಲಿ ಸೋಲಾರ್ ತಾರಸಿಯ ಮೇಲೆ, ಬಚ್ಚಲು ಕೆಳಗೆ. ಮುಕ್ಕಾಲು ಇಂಚಿನ ಪೈಪು ಹತ್ತು ಮೀಟರ್ ಇದ್ದರೆ ಅದರೊಳಗೇ ಸುಮಾರು ಮೂರು ಲೀಟರ್ ನೀರು ನಿಂತಿರುತ್ತದೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ ಸ್ನಾನಕ್ಕೆ ಹೋದರೆ ಆ ನೀರು ಪ್ರತಿಸಲವೂ ತಣ್ಣಗಾಗಿರುತ್ತದೆ. ಈಗ ಒಬ್ಬರ ಬೆನ್ನಿಗೆ ಒಬ್ಬರು ಮುಗಿಸುತ್ತೇವೆ; ಮೊದಲು ಬರುವ ತಣ್ಣೀರನ್ನು ಹಿಡಿದಿಟ್ಟು ಬಟ್ಟೆ ನೆನೆಸುತ್ತೇವೆ. ಗುಬ್ಬಿಯ ಅಕ್ಕನ ತೋಟದಿಂದ ತೆಂಗಿನ ನಾರು ತಂದು ಬಿಸಿನೀರಿನ ಪೈಪಿಗೆ ಎರಡು ಬೆರಳು ದಪ್ಪ ಸುತ್ತಿ, ಹುರಿಯಿಂದ ಬಿಗಿದು, ಮೇಲೆ ಹಳೇ ಟಾರ್ಪಾಲು ಕಟ್ಟಿದ್ದೇನೆ. ಟಾರ್ಪಾಲು ಬೇಕೇ ಬೇಕು, ನೆಂದ ನಾರು ಬಿಸಿ ಹಿಡಿಯದು.

ಸೋಲಾರ್ ಇಲ್ಲದ ಬಾಡಿಗೆ ಮನೆಯವರಿಗೆ ಮಧ್ಯಾಹ್ನದ ಬಿಸಿಲೇ ಆಸರೆ. ಮುಂಜಾನೆ ಟ್ಯಾಂಕಿನ ನೀರು ಕೊರೆಯುತ್ತಿರುತ್ತದೆ, ಅದೇ ನೀರು ಇಳಿಹೊತ್ತಿಗೆ ಬೆಚ್ಚಗಿರುತ್ತದೆ. 20 ಡಿಗ್ರಿಯ ನೀರನ್ನು 40ಕ್ಕೆ ಏರಿಸುವುದಕ್ಕೂ 30 ಡಿಗ್ರಿಯದನ್ನು 40ಕ್ಕೆ ಏರಿಸುವುದಕ್ಕೂ ಅರ್ಧಕ್ಕರ್ಧ ವ್ಯತ್ಯಾಸ. ಹೊರಗೆ ಕಪ್ಪು ಬಳಿದ ಪಾತ್ರೆಯಲ್ಲಿ ನೀರಿಟ್ಟು ಮೇಲೆ ಗಾಜು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಯುತ್ತದೆ. ಸ್ನಾನವನ್ನು ಸಂಜೆಗೆ ಹಾಕಿಕೊಳ್ಳಲು ಆಗುವವರು ಹಾಕಿಕೊಳ್ಳಿ.

ಅಕ್ಕನ ಮನೆಯಲ್ಲಿ ಇಂದಿಗೂ ಹಂಡೆ, ಬಚ್ಚಲೊಲೆ. ತೋಟದ ಸೌದೆಗೆ ದುಡ್ಡಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರಟಕ್ಕೆ ಇದ್ದಿಲಿನವರು ಬೆಲೆ ಕೊಡುತ್ತಾರೆ. ಅದನ್ನು ಮಾರಿ, ಒಲೆಗೆ ಗರಿ, ಮಟ್ಟೆ, ಒಣಗಿದ ಹೊಂಬಾಳೆ ಹಾಕುವುದೇ ಲೆಕ್ಕ. ಅದಕ್ಕಿಂತ ದೊಡ್ಡ ಉಳಿತಾಯ ಒಲೆಯ ಬಾಯಲ್ಲಿದೆ.

ಈ ಪಾಠ ಕಲಿತದ್ದು ನಮ್ಮ ಜಿಲ್ಲೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಪುರ ಮೊದಲಾದ ಸುತ್ತಲ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಸೌದೆ ಹೋಗುತ್ತದೆಂದು ಮನೆಮನೆಯಲ್ಲಿ ಲೆಕ್ಕ ಹಾಕಿತು. ನಾಡೆಲ್ಲ ಹೆಸರಾದ ಅಸ್ತ್ರ ಒಲೆ ಆ ತಂಡದ್ದೇ. ಅದರ ಗುಟ್ಟು ಸರಳ: ಬೆಂಕಿಯನ್ನು ಬಯಲಿಗೆ ಬಿಡದೆ ಕೂಡಿಹಾಕುವುದು, ಕಬ್ಬಿಣದ ಜಾಲರಿಯ ಕೆಳಗಿನಿಂದ ಗಾಳಿ ಕೊಡುವುದು, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವುದು. ಅಕ್ಕನೂ ಗಾರೆಯವರಿಂದ ಒಲೆಯ ಬಾಯಿ ಕಿರಿದು ಮಾಡಿಸಿ, ತಗಡಿನ ಬಾಗಿಲಿಟ್ಟು, ಕೆಳಗೆ ಜಾಲರಿ ಹಾಕಿಸಿ, ಕೊಳವೆ ಎಬ್ಬಿಸಿದಳು. ಸೌದೆಯ ಹೊರೆ ಕಣ್ಣಿಗೆ ಕಾಣುವಷ್ಟು ಇಳಿಯಿತು, ಬಚ್ಚಲಲ್ಲಿ ಕಣ್ಣುರಿಯೂ ನಿಂತಿತು. ಹಂಡೆಗೆ ಮುಚ್ಚಳ ಮರೆಯುವಂತಿಲ್ಲ. ಬಾಯ್ತೆರೆದ ಹಂಡೆಯ ಬಿಸಿ ಹಬೆಯಾಗಿ ಹೋಗಿಬಿಡುತ್ತದೆ.

ಎರಡು ಕಡೆ ಮಾತ್ರ ಉಳಿತಾಯದ ಯೋಚನೆ ಬೇಡ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲೊಳಗೆ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರ ತಪ್ಪುವವರೆಗೂ ತಿಳಿಯದು; ಹೊರಗೋಡೆಗೆ ಹಾಕಿಸಿ. ಕಾಯಿಸುವ ರಾಡನ್ನು ಕಬ್ಬಿಣ, ಸ್ಟೀಲ್ ಬಕೆಟಿಗೆ ಇಳಿಬಿಡಬೇಡಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ ನೋಡಿ.