ಕಾಡಿನ ರಸ್ತೆಗೆ ಮೊದಲು ಗಟಾರ

ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟರೆ ದೇವಿಕೊಪ್ಪದ ಹೊತ್ತಿಗೆ ಬೆಳವಲದ ಬಯಲು ಹಿಂದೆ ಬಿದ್ದು, ಸಾಗವಾನಿ ಕಾಡು ರಸ್ತೆಯ ಮಗ್ಗುಲಿಗೇ ಬಂದಿರುತ್ತದೆ. ಒಂದೇ ಧಾರವಾಡ ಜಿಲ್ಲೆಯಾದರೂ ನವಲಗುಂದದಲ್ಲಿ ರಸ್ತೆ ಕೆಡುವ ಬಗೆ ಬೇರೆ, ಇಲ್ಲಿ ಕೆಡುವ ಬಗೆ ಬೇರೆ. ಅಲ್ಲಿಯ ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಟ್ಟಿಗೆ ಏಳುತ್ತ ಬೀಳುತ್ತ ಒಡೆಯುತ್ತದೆ. ಇಲ್ಲಿಯ ಮಸಾರಿ, ಗರಸು ನೆಲ ಭಾರ ಹೊರಲು ಎಷ್ಟೋ ಗಟ್ಟಿ. ಆದರೂ ಕಾಡೊಳಗಿನ ಹಳ್ಳಿ ರಸ್ತೆಗಳು ಕೆಲವೇ ಮಳೆಗಾಲಗಳಲ್ಲಿ ಸೋಲುತ್ತವೆ. ಈ ಸೀಮೆಯ ರಸ್ತೆ ಕೆಲಸಗಳಲ್ಲಿ ತೊಡಗಿಕೊಂಡು ನನಗೆ ಮನವರಿಕೆಯಾದದ್ದು ಇದು: ಕಾಡಿನ ರಸ್ತೆಯ ಆಯುಷ್ಯ ಡಾಂಬರಿನ ದಪ್ಪಕ್ಕಿಂತ ಹೆಚ್ಚಾಗಿ ನೀರು ಹೋಗುವ ದಾರಿಯ ಮೇಲೆ ನಿಂತಿದೆ. ಆ ದಾರಿಯನ್ನು ವರ್ಷ ವರ್ಷವೂ ತೆರೆದಿಡುವ ಖಾಯಂ ಆಳುಗಳಿಗೆ ಮೊದಲು ದುಡ್ಡು ಇಟ್ಟು, ಹೊಸ ಡಾಂಬರಿಗೆ ಆಮೇಲೆ ಇಡಬೇಕು. ನಮ್ಮ ಲೆಕ್ಕಪತ್ರಗಳಲ್ಲಿ ಇದು ತಿರುವುಮುರುವಾಗಿದೆ.

ಈ ತಿರುವುಮುರುವು ಹಳೆಯದು: ಈ ಕಾಡುಸೀಮೆಯ ದೊಡ್ಡ ದಾರಿಗಳನ್ನು ಮಾಡಿದ್ದೇ ಇಲ್ಲಿಂದ ಸರಕು ಹೊರಕ್ಕೆ ಸಾಗಿಸಲಿಕ್ಕೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿ ಇತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಕೊರತೆ ಬಿದ್ದಾಗ, ಹುಬ್ಬಳ್ಳಿ ಕಡೆಯ ಅಂಡಿಗೆಗಳನ್ನು ಕುಮಟಾ, ಕಾರವಾರ ಬಂದರುಗಳಿಗೆ ಇಳಿಸಲು ಗಾಡಿ ಓಡುವ ಘಟ್ಟದ ದಾರಿಗಳು ಬೇಕಾದವು. ಸಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಇಳಿಯುವ ಅರಬೈಲು ಘಟ್ಟ ಹೀಗೆ ದೊಡ್ಡವಾದವು. 1880ರ ದಶಕದಲ್ಲಿ ರೈಲು ಬಂದು ಹತ್ತಿ ಮುರಗಾಂವ್ ಬಂದರಿನ ಕಡೆ ತಿರುಗಿತು. ದಾರಿಯಲ್ಲಿ ಕಾಡಿನ ದಿಮ್ಮಿಗಳು ಉಳಿದವು. ದಾರಿಯ ಎರಡೂ ಬದಿಯ ಹಳ್ಳಿಗಳಿಗೆ, ದನ ಸಾಕುವ ಗೌಳಿಗರು ನೆಲೆಸಿದ ದೊಡ್ಡಿಗಳಿಗೆ ಕವಲು ರಸ್ತೆ ಬೇಕೆಂದು ಆ ಲೆಕ್ಕದಲ್ಲಿ ಯಾರೂ ಎಣಿಸಿರಲಿಲ್ಲ. ಇಂದಿಗೂ ಅವುಗಳ ದಾರಿ ಬಹಳ ಕಡೆ ಹಳೆಯ ಗಾಡಿಜಾಡೇ. 2010ಕ್ಕೆ ಮುಂಚಿನ ವರ್ಷಗಳಲ್ಲಿ ಬಳ್ಳಾರಿಯ ಅದಿರು ಅರಬೈಲು ಘಟ್ಟದ ಇದೇ ಹೆದ್ದಾರಿ ಹಿಡಿದು ಬೇಲೇಕೇರಿ ಬಂದರಿಗೆ ಹೋದಾಗ ಹಳೆಯ ಕತೆ ಮತ್ತೆ ನಡೆಯಿತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರುಗಳ ಹಳೆಯ ಲೆಕ್ಕ. ಸರಕು ಹೊರಗೆ ಹೋಯಿತು, ತಗ್ಗುಗಳು ಇಲ್ಲಿಯವರ ಪಾಲಿಗೆ ಉಳಿದವು.

ಹಾಗೆಂದು ಆ ಕಾಲದ ವ್ಯವಸ್ಥೆಯಲ್ಲಿ ಕಲಿಯುವಂಥದ್ದೇನೂ ಇಲ್ಲವೆನ್ನಲಾರೆ. 1869ರ ಮುಂಬೈ ಲೋಕಲ್ ಫಂಡ್ ಕಾಯ್ದೆಯ ಪ್ರಕಾರ ರೈತರಿಂದ ಕಂದಾಯದ ರೂಪಾಯಿಗೆ ಒಂದಾಣೆ ಕರ ಎತ್ತಿ, ಅದನ್ನು ಸ್ಥಳೀಯ ರಸ್ತೆ ಮತ್ತು ಶಾಲೆಗಳಿಗೆ ಇಡುತ್ತಿದ್ದರು. ಬಡ ರೈತನ ಬೆನ್ನಿಗೆ ಅದು ಹೊರೆಯೇ. ಆದರೆ ರಸ್ತೆಗೆಂದು ವರ್ಷ ವರ್ಷ ಬರುವ ದುಡ್ಡು ಒಂದು ಇರಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಬಹುಕಾಲ ಉಳಿದಿದ್ದ ಗ್ಯಾಂಗಿನ ಪದ್ಧತಿ ಬಂದದ್ದೂ ಅಂಥ ತಿಳಿವಳಿಕೆಯಿಂದ. ಇಷ್ಟು ಮೈಲಿಗೆ ಇಂತಿಂಥ ಆಳು, ಕೈಯಲ್ಲಿ ಸಲಿಕೆ, ಬುಟ್ಟಿ, ಕುಡಗೋಲು. ತನ್ನ ಪಾಲಿನ ದಾರಿಯಲ್ಲಿ ಯಾವ ಮೋರಿ ಮೊದಲು ಕಟ್ಟುತ್ತದೆ, ಯಾವ ತಿರುವಿನಲ್ಲಿ ನೀರು ಅಡ್ಡ ಹಾಯುತ್ತದೆ ಎಂಬುದು ಗ್ಯಾಂಗಿನವನಿಗೆ ಬಾಯಿಪಾಠ ಇರುತ್ತಿತ್ತು. ಗ್ಯಾಂಗಿನವರ ಹುದ್ದೆಗಳು ಖಾಲಿಯಾಗುತ್ತ ಬಂದ ಹಾಗೆ ಆ ತಿಳಿವಳಿಕೆಯೂ ಹೋಯಿತು. ನನ್ನ ದೃಷ್ಟಿಯಲ್ಲಿ ಡಾಂಬರಿಗಿಂತ ದೊಡ್ಡ ನಷ್ಟ ಅದು.

ಕೆಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಳ್ಳಿ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ನೀರು ಇಳಿಯಲೆಂದು ನಡುವನ್ನು ಎತ್ತರಿಸುತ್ತಾರೆ. ಶೇಕಡಾ 3ರ ಇಳಿಜಾರು ಹಿಡಿದರೆ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ಐದಾರು ಸೆಂಟಿಮೀಟರ್ ಮಾತ್ರ. ಕಾಡಿನಲ್ಲಿ ಅಂಚಿನ ಮೇಲೆ ಎಲೆ ಬಿದ್ದು ಕೊಳೆತು, ಹುಲ್ಲು ಬೇರುಬಿಟ್ಟು, ಚಕ್ರಗಳು ಎಳೆದು ತಂದ ಮಣ್ಣು ಕೂತು ಒಂದು ಬದು ಏಳುತ್ತದೆ. ಅದು ಆ ಐದಾರು ಸೆಂಟಿಮೀಟರನ್ನು ಮೀರಿದ ದಿನದಿಂದ ಮಳೆನೀರು ಗಟಾರಕ್ಕೆ ಇಳಿಯುವುದನ್ನು ಬಿಟ್ಟು ಡಾಂಬರಿನ ಅಂಚಿನಲ್ಲೇ ನಿಲ್ಲುತ್ತದೆ, ಇಲ್ಲವೇ ರಸ್ತೆಯುದ್ದಕ್ಕೂ ಹರಿಯುತ್ತದೆ. ಅಂಚು ನೆನೆದು ಮೆತ್ತಗಾಗುತ್ತದೆ. ಕಬ್ಬು ಹೇರಿದ ಟ್ರೇಲರಿನ ಗಾಲಿ ಅಲ್ಲಿ ಹತ್ತಿ ಇಳಿದರೆ ಖಡಿ ಕಳಚಿಕೊಳ್ಳುತ್ತದೆ. ಮೋರಿಯ ಕತೆ ಇನ್ನೂ ವಿಚಿತ್ರ. ಸಾಗವಾನಿ ಬೇಸಿಗೆಗೆ ಎಲೆ ಉದುರಿಸುತ್ತದೆ, ಒಂದೊಂದು ಎಲೆಯೂ ಮೊರದಷ್ಟು ಅಗಲ, ಒರಟು. ಮೊದಲ ಅಡ್ಡಮಳೆಗೆ ಅವೆಲ್ಲ ತೇಲಿ ಬಂದು ಪೈಪಿನ ಬಾಯಿಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಹಿಂದೆ ಬಂದ ಮಣ್ಣು ಅದಕ್ಕೆ ಮೆತ್ತಿಕೊಂಡರೆ ಹಳ್ಳದ ನೀರಿಗೆ ರಸ್ತೆಯ ಮೇಲೆ ಹತ್ತುವುದು ಬಿಟ್ಟು ಬೇರೆ ದಾರಿಯಿಲ್ಲ. ಇಬ್ಬರು ಆಳು ಅರ್ಧ ದಿನದಲ್ಲಿ ಬಿಡಿಸಬಹುದಾಗಿದ್ದ ಕಸಕ್ಕೆ ಒಂದು ಮೋರಿ ಕೊಚ್ಚಿಹೋಗುತ್ತದೆ.

ನಮ್ಮ ದುಡ್ಡು ಬರುವ ಹೊತ್ತೂ ಕಾಡಿನ ಹೊತ್ತಿಗೆ ಹೊಂದುವುದಿಲ್ಲ. ಮಾರ್ಚ್ ಅಖೇರಿಗೆ ಬಿಲ್ಲು ಆಗಬೇಕೆಂದು ಡಾಂಬರು ಬೀಳುತ್ತದೆ. ರೋಹಿಣಿ ಮಳೆಗೆ ಮುಂಚೆ ಎಲೆ ಬಿಡಿಸಬೇಕಾದ ಮೇ ತಿಂಗಳಲ್ಲಿ ಹೊಸ ವರ್ಷದ ಅನುದಾನ ಇನ್ನೂ ಕಾಗದದಲ್ಲೇ ಇರುತ್ತದೆ. 2000ದ ಡಿಸೆಂಬರ್ 25ರಂದು ಸುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು: ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂದು ಕರಾರಿನಲ್ಲೇ ಬರೆಯಿತು. ಆದರೆ ಐದು ವರ್ಷದ ಆಚೆ ಏನೆಂಬುದು ಉಳಿದೇ ಇದೆ. ಜನಸಂಖ್ಯೆಯ ಕಟ್ಟಳೆಯೂ ಇದೆ. ಬಯಲುಸೀಮೆಯಲ್ಲಿ 500, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 250 ಎಂದು ಯೋಜನೆ ಸುರುವಿನಲ್ಲಿ ಗೆರೆ ಎಳೆದರೆ, ಹತ್ತಿಪ್ಪತ್ತು ಮನೆಯ ದೊಡ್ಡಿ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ.

ಗಟಾರದ ತಲೆನೋವೇ ಬೇಡ, ಸಿಮೆಂಟ್ ಕಾಂಕ್ರೀಟ್ ಹಾಕಿಬಿಡಿ ಎನ್ನುವವರಿದ್ದಾರೆ. ಊರೊಳಗೆ, ದನ ನೀರು ಕುಡಿಯುವ ಕಡೆ, ಹಳ್ಳ ದಾಟುವ ತಗ್ಗಿನಲ್ಲಿ ಅದು ಸರಿಯೇ. ಆದರೆ ಕಾಂಕ್ರೀಟಿನ ಅಡಿಯ ಮಣ್ಣನ್ನು ನೀರು ಕೊರೆದರೆ ಹಲಗೆ ಟೊಳ್ಳಿನ ಮೇಲೆ ನಿಂತು ಸೀಳುತ್ತದೆ, ಆಗ ಅದನ್ನು ಸಲಿಕೆಯಿಂದ ಸರಿಮಾಡಲು ಬರುವುದಿಲ್ಲ. ಉದ್ಯೋಗ ಖಾತ್ರಿಯ ಕೂಲಿಯಿಂದ ಗಟಾರ ತೆಗೆಸಬಹುದಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಕೂಲಿ ಬೇರೆ, ಹೊಣೆ ಬೇರೆ. ಸುರಿಯುವ ಮಳೆಯಲ್ಲಿ ಹೊರಟು ಮೋರಿಯ ಬಾಯಿ ನೋಡಿ ಬರುವವನಿಗೆ ಆ ತುಂಡು ರಸ್ತೆ ತನ್ನದೆನ್ನಿಸಿರಬೇಕು. ಖಾಯಂ ಆಳುಗಳ ಸಂಬಳ ಭಾರವಾಗುತ್ತದೆ ಎನ್ನುವವರು, ಕೆಟ್ಟ ರಸ್ತೆಯನ್ನು ಬುಡದಿಂದ ಹೊಸದಾಗಿ ಮಾಡುವ ಖರ್ಚನ್ನು ಅದರ ಪಕ್ಕದಲ್ಲಿ ಬರೆದು ನೋಡಲಿ.

ಅಗಲದ ಬೇಡಿಕೆ ಇನ್ನೂ ಗಟ್ಟಿಯಾದದ್ದು. ಬಸ್ಸು, ಟ್ರ್ಯಾಕ್ಟರ್ ಎದುರುಬದುರಾದರೆ ಜಾಗ ಬೇಕು ಎಂಬುದು ನಿಜ. ಇಲ್ಲಿ ಕಾನೂನಿನ ಲೆಕ್ಕ ಹಾಕಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಂತೆ ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆಗೆ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆರು ಮೀಟರ್ ಅಗಲ ಕೇಳಿದರೆ ಆ ಭೂಮಿಯಲ್ಲಿ ಸುಮಾರು 1.6 ಕಿಲೋಮೀಟರ್ ರಸ್ತೆ ಆದೀತು. ಗಟಾರವೂ ಸೇರಿ ಐದು ಮೀಟರ್ ಸಾಕೆಂದರೆ ಎರಡು ಕಿಲೋಮೀಟರಿನ ಹತ್ತಿರ ಹೋದೀತು. ಹೀಗೆ ಹೆಚ್ಚುವ ಮುನ್ನೂರು ಚಿಲ್ಲರೆ ಮೀಟರ್ ಎಂದರೆ ಎಷ್ಟೋ ಕಡೆ ಒಂದು ದೊಡ್ಡಿ ಮುಟ್ಟುವ ದೂರ. ಎದುರಿನ ಗಾಡಿಗೆ ಜಾಗ ಕೊಡಲು ಮರವಿಲ್ಲದ ಬಯಲಿನಲ್ಲಿ ಅಲ್ಲಲ್ಲಿ ನಿಲ್ಲುವ ತಾಣ ಮಾಡಬಹುದು.

ರಸ್ತೆ ಬಂದರೆ ಕಾಡು ಹೋಗುತ್ತದೆ ಎಂಬ ಪರಿಸರದವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2021ರ ಜುಲೈ ಮಳೆಗೆ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಅದೇ ಮಳೆಗೆ ಯಲ್ಲಾಪುರದ ಕಳಚೆಯ ತೋಟಗಳು ಜಾರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮಗ್ಗುಲಿನ ಗುಡ್ಡ ಜೀವಗಳನ್ನೇ ತೆಗೆದುಕೊಂಡಿತು. ಅಗಲಕ್ಕಾಗಿ ಗುಡ್ಡದ ಬುಡ ಕಡಿಯುವುದು ಎಂಥ ಕೆಲಸವೆಂದು ಇನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ದೊಡ್ಡಿಯ ಬಸುರಿಯನ್ನು ಕಲಘಟಗಿ ದವಾಖಾನೆಗೆ ಒಯ್ಯುವ ಕಿರುದಾರಿಯನ್ನು ಆ ಹೆದ್ದಾರಿಗಳ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಇದ್ದ ಜಾಡಿನಲ್ಲೇ, ಮರ ಮುಟ್ಟದೆ, ಗಟಾರ ತೆಗೆದು, ಗರಸು ಹಾಕಿ ರೋಲರ್ ಹೊಡೆಸಿ, ಹಳ್ಳಗಳಿಗೆ ದೊಡ್ಡ ಬಾಯಿಯ ಮೋರಿ ಕೂರಿಸಿದರೆ ಅರಣ್ಯ ಇಲಾಖೆಗೂ ಊರಿಗೂ ಜಗಳಕ್ಕೆ ಕಾರಣ ಬಹಳ ಕಡಿಮೆ. ಆ ದಾರಿಯನ್ನು ಮೇ ತಿಂಗಳಲ್ಲಿ ಒಮ್ಮೆ, ಹಸ್ತ ಮಳೆ ಮುಗಿದ ಮೇಲೆ ಇನ್ನೊಮ್ಮೆ ಪೂರ್ತಿ ನಡೆದು ನೋಡಿ ಸರಿಮಾಡಲು, ಮಳೆಗಾಲವಿಡೀ ಮೋರಿಗಳ ಮೇಲೆ ಕಣ್ಣಿಡಲು ದೊಡ್ಡಿಯವರನ್ನೇ ವರ್ಷದ ಸಂಬಳಕ್ಕೆ ಗ್ರಾಮ ಪಂಚಾಯತಿ ನೇಮಿಸಿಕೊಳ್ಳಬೇಕು. ಆ ಸಂಬಳಕ್ಕೆ ಬೇರೆ ಲೆಕ್ಕಶೀರ್ಷಿಕೆ ಇರಬೇಕು, ಹೊಸ ಕಾಮಗಾರಿಗೆ ಅದನ್ನು ತಿರುಗಿಸಲು ಯಾರಿಗೂ ಅಧಿಕಾರ ಇರಬಾರದು.