ಶ್ವಾಸಕೋಶದ ಕ್ಯಾನ್ಸರ್ ಜೊತೆಗೆ ರಕ್ತದ ಕಾಯಿಲೆ: ವಿಕಿರಣ ಚಿಕಿತ್ಸೆ ಪಡೆಯಬಹುದೆ?

ಸವದತ್ತಿ ತಾಲ್ಲೂಕಿನ ಉಗರಗೋಳದಂತಹ ಊರಿನ ಅರವತ್ತೈದರ ರೈತರೊಬ್ಬರನ್ನು ಊಹಿಸಿಕೊಳ್ಳಿ. ನಲವತ್ತು ವರ್ಷ ಬೀಡಿ ಸೇದಿದವರು. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ ಮೊದಲಿನಿಂದಲೂ ಇದೆ. ಈಗ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿದೆ. ಶಸ್ತ್ರಕ್ರಿಯೆ ಆಗದೆಂದು ವೈದ್ಯರು ವಿಕಿರಣ ಚಿಕಿತ್ಸೆ ಸೂಚಿಸಿದ್ದಾರೆ. ಜನ 'ಕರೆಂಟ್ ಕೊಡುವುದು' ಎನ್ನುತ್ತಾರಲ್ಲ, ಅದೇ. ಮನೆಯವರಿಗೆ ಅಂಜಿಕೆ: 'ಮೊದಲೇ ರಕ್ತ ಸರಿ ಇಲ್ಲ, ಕರೆಂಟ್ ಕೊಟ್ಟರೆ ಇದ್ದದ್ದೂ ಹೋದೀತು.'

ಈ ಅಂಜಿಕೆಯಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ.

ವಿಕಿರಣ ಚಿಕಿತ್ಸೆಯಲ್ಲಿ ವಿದ್ಯುತ್ ಹರಿಸುವುದಿಲ್ಲ. ಪ್ರಬಲವಾದ ಕ್ಷ-ಕಿರಣಗಳನ್ನು ಗಡ್ಡೆಗೆ ಗುರಿಯಿಟ್ಟು ಹಾಯಿಸುತ್ತಾರೆ. ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಎದೆಗೆ ಕಿರಣ ಕೊಟ್ಟಾಗ ಎದೆಯ ಎಲುಬು, ಪಕ್ಕೆಲುಬು, ಬೆನ್ನೆಲುಬಿನ ಕೆಲ ಭಾಗದ ಮಜ್ಜೆ ಸೊರಗಬಹುದು. ಸೊಂಟದ ಎಲುಬಿನ ಮಜ್ಜೆಗೆ ಕಿರಣ ತಾಗದು. ರಕ್ತಕಣಗಳು ಹೆಚ್ಚು ಕುಸಿಯುವುದು ಕೀಮೋಥೆರಪಿಯನ್ನೂ ಜೊತೆಗೆ ಕೊಟ್ಟಾಗ. ಆದ್ದರಿಂದ ರಕ್ತದ ಕಾಯಿಲೆ ಇದ್ದ ಮಾತ್ರಕ್ಕೆ ವಿಕಿರಣದ ಬಾಗಿಲು ಮುಚ್ಚುವುದಿಲ್ಲ.

ರಕ್ತದಲ್ಲಿ ಕೊರತೆ ಯಾವುದರದು ಎಂಬುದನ್ನು ಮೊದಲು ತಿಳಿಯಬೇಕು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ; ತೀರ ಇಳಿದರೆ ರಕ್ತಸ್ರಾವದ ಭಯ. ಬಿಳಿಕಣ ಇಳಿದರೆ ಸೋಂಕಿನ ಭಯ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಗಡ್ಡೆಗೆ ಆಮ್ಲಜನಕ ಸಾಲದೆ ಕಿರಣದ ಪರಿಣಾಮವೂ ತಗ್ಗಬಹುದು. ಮೂರಕ್ಕೂ ಉಪಾಯ ಬೇರೆ ಬೇರೆ.

ಚಿಕಿತ್ಸೆಯೂ ಒಂದೇ ಬಗೆಯದಲ್ಲ. ಗುಣಪಡಿಸುವ ಉದ್ದೇಶವಿದ್ದರೆ ವಾರಕ್ಕೆ 5 ದಿನದಂತೆ ಸುಮಾರು 6 ವಾರ ಕೊಡುವುದು ರೂಢಿ. ಗಡ್ಡೆ ಚಿಕ್ಕದಿದ್ದು ಹರಡಿರದಿದ್ದರೆ, ನಿಖರ ಗುರಿಯ ವಿಕಿರಣವನ್ನು 3ರಿಂದ 8 ಸರದಿಗಳಲ್ಲೇ ಮುಗಿಸಬಹುದು. ರಕ್ತ ಕೆಮ್ಮುವುದು, ನೋವು, ಉಬ್ಬಸ ಇವನ್ನು ತಗ್ಗಿಸಲು ಮಾತ್ರವಾದರೆ ಕೆಲವೇ ಸರದಿ ಸಾಕು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಹೋಗುವ ಮುನ್ನ ಎಷ್ಟು ದಿನ, ಎಲ್ಲಿ ಉಳಿಯುವುದು ಎಂದು ಯೋಚಿಸಿಕೊಳ್ಳಿ. ನಡುವೆ ಬಿಟ್ಟರೆ ಫಲ ಕುಗ್ಗುತ್ತದೆ.

ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ:

1. ಉದ್ದೇಶ ಗುಣಪಡಿಸುವುದೆ, ಉಪಶಮನವೆ?
2. ಜೊತೆಗೆ ಕೀಮೋಥೆರಪಿ ಬೇಕೇ ಬೇಕೆ?
3. ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ಯಾವ ಮಟ್ಟಕ್ಕಿಳಿದರೆ ಚಿಕಿತ್ಸೆ ತಡೆಯುತ್ತೀರಿ?
4. ರಕ್ತದ ಕಾಯಿಲೆಯ ತಜ್ಞರೊಡನೆ ಮಾತಾಡಿದ್ದೀರಾ?

ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಜೋಡಿಸಿ ಒಯ್ಯಿರಿ. ಕಾಯಿಲೆ ಎಷ್ಟು ವರ್ಷದಿಂದ, ಯಾವ ವೇಗದಲ್ಲಿ ಏರಿಳಿದಿದೆ ಎಂಬುದನ್ನು ಅವೇ ಹೇಳುತ್ತವೆ.

ಚಿಕಿತ್ಸೆಯ ಎರಡು-ಮೂರನೆಯ ವಾರದಲ್ಲಿ ನುಂಗಲು ಉರಿಯಾಗಬಹುದು. ಆಗ ಖಾರ ಬಿಟ್ಟು ಗಂಜಿ, ತೆಳು ಅಂಬಲಿ, ಮಜ್ಜಿಗೆ ಕೊಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದವರು ಆಸ್ಪಿರಿನ್‌ನಂಥ ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಜ್ವರ 100.4 ಡಿಗ್ರಿ ದಾಟಿದರೆ, ರಕ್ತ ಕೆಮ್ಮುವುದು ಹೆಚ್ಚಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಮುಗಿದ ತಿಂಗಳುಗಳ ಮೇಲೂ ಒಣಕೆಮ್ಮು, ಉಬ್ಬಸ ಬಂದರೆ ತಿಳಿಸಿ; ಕಿರಣದಿಂದ ಶ್ವಾಸಕೋಶ ಊದಿಕೊಂಡಿರಬಹುದು, ಅದಕ್ಕೂ ಔಷಧವಿದೆ.

ಎಲ್ಲ ತೂಗಿ ನೋಡಿದ ಮೇಲೆ ಬೇಡವೆನ್ನುವುದೂ ರೋಗಿಯ ಹಕ್ಕು. ಆದರೆ ಆ ಮಾತು ಎರಡೂ ಕಾಯಿಲೆಯ ವೈದ್ಯರನ್ನು ಕೇಳಿದ ನಂತರ ಬರಲಿ, ಅಂಜಿಕೆಯಿಂದ ಮೊದಲೇ ಬರುವುದು ಬೇಡ.